ಎಂಟೂವರೆ ಲಕ್ಷ ಚುಕ್ಕೆಗಳ ಕೊರತೆ

ಎರಡು ಸಾವಿರದ ನಲವತ್ತೆಂಟನ್ನು ಒಂದು ಸಾವಿರದ ಐನೂರ ಮೂವತ್ತಾರರಿಂದ ಗುಣಿಸಿದರೆ ಮೂವತ್ತೊಂದು ಲಕ್ಷ ನಲವತ್ತೈದು ಸಾವಿರದ ಏಳುನೂರ ಇಪ್ಪತ್ತೆಂಟು. ಇದು ನನಗೆ ಇವತ್ತಿಗೂ ಬಾಯಿಪಾಠ. ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಇದನ್ನು ಮೂರು ಸಲ ಗುಣಿಸಿದ್ದೆ. ನಾನು ಇಂಗ್ಲಿಷ್ ಟೀಚರು ತಾನೆ, ಎಲ್ಲೋ ಒಂದು ಕಡೆ ದಶಕ ಬಿಟ್ಟಿರಬಹುದು ಅನ್ನೋ ಆಸೆ. ಮೂರು ಸಲವೂ ಅದೇ ಉತ್ತರ ಬಂತು. ನನ್ನ ಕ್ಯಾಮೆರಾ ತೆಗೆಯುವ ಒಂದು ಫೋಟೋದಲ್ಲಿ ಇರುವ ಚುಕ್ಕೆಗಳು, ಅಂದರೆ ಪಿಕ್ಸೆಲ್‌ಗಳು, ಅಷ್ಟೇ. ಬೇಕಾಗಿದ್ದದ್ದು ನಲವತ್ತು ಲಕ್ಷ.

ಬೇಕು ಅಂದವರು ಸಮುದ್ರದಾಚೆಯ ಒಂದು ಫೋಟೋ ಏಜೆನ್ಸಿಯವರು. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಇಂಗ್ಲಿಷ್ ಪೇಪರಿನ ಭಾನುವಾರದ ಪುರವಣಿಯಲ್ಲಿ ಅವರ ಬಗ್ಗೆ ಓದಿದ್ದೆ. ಜಗತ್ತಿನ ಯಾವ ಮೂಲೆಯವರಾದರೂ ಕಂಪ್ಯೂಟರಿನ ಮೂಲಕ ಅವರಿಗೆ ಫೋಟೋ ಕಳಿಸಬಹುದು. ಒಪ್ಪಿಗೆಯಾದರೆ ತಮ್ಮ ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತಾರೆ. ಪುಸ್ತಕ ಅಚ್ಚು ಮಾಡುವವರು, ಪತ್ರಿಕೆಯವರು, ಕ್ಯಾಲೆಂಡರಿನವರು ಅಲ್ಲಿಂದ ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ಪ್ರತಿ ಚಿತ್ರದ ಕೆಳಗೂ ತೆಗೆದವರ ಹೆಸರು ಇರುತ್ತದೆ. ಆ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ.

ಯಾಕೆ ಅಂತ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಬೇರೆಯವರ ಕೈಬರಹದ ಮೇಲೆ ಕೆಂಪು ಶಾಯಿ ಎಳೆದವಳು ನಾನು. ನಮ್ಮದು ಕೂಡಿದ ಮನೆ. ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವರು. ಆದರೆ ಮನೆಯ ಪ್ರತಿ ಹಾಸಿಗೆಯ ಮೇಲೂ ಅವರು ಹೊಲಿದ ಕೌದಿ ಇತ್ತು. ಹಳೆಯ ಸೀರೆ, ಧೋತರ, ಹುಡುಗಿಯರ ಲಂಗ ಎಲ್ಲ ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ ಹೊಲಿದವು. ಗಂಡನ ಮನೆಗೆ ಹೋದ ನಮ್ಮ ಹೆಣ್ಣುಮಕ್ಕಳೆಲ್ಲ ಒಂದೊಂದು ಒಯ್ದಿದ್ದಾರೆ. ನಾನು ಕೈಯಾರೆ ಮಾಡಿದ್ದು ಅಂತ ತೋರಿಸಲು ಒಂದು ಕರವಸ್ತ್ರವೂ ಇರಲಿಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಎಂಬ್ರಾಯ್ಡರಿ ಕಲಿಸಲು ನೋಡಿದ್ದರು. ನನ್ನ ಗುಲಾಬಿ ಕೋಸುಗಡ್ಡೆಯಂತೆ ಕಂಡಿತೆಂದು ಅವರೇ ಬಾಯಿ ಮುಚ್ಚಿಕೊಂಡು ನಕ್ಕಿದ್ದರು. ಪಾಪ, ಒಳ್ಳೆಯವರು. ಆ ನಗು ನೆನೆದರೆ ಈಗ ನನಗೂ ನಗು, ಸ್ವಲ್ಪ ಕಣ್ಣೀರು ಕೂಡ. ಎಲ್ಲಾದರೂ ಒಂದು ಕಡೆ ನಾನೇ ಮಾಡಿದ ಒಂದು ವಸ್ತು ಇರಲಿ, ಅದರ ಕೆಳಗೆ ನನ್ನ ಹೆಸರು ಇರಲಿ. ನಿವೃತ್ತಿಯಾದ ಮೇಲೆ ನನಗಿದ್ದ ಒಂದೇ ಆಂಬಿಷನ್ ಅದು.

ಕ್ಯಾಮೆರಾ ಬಂದದ್ದು ಬಸ್ ಸ್ಟ್ಯಾಂಡ್ ಹತ್ತಿರದ ಫೋಟೋ ಸ್ಟುಡಿಯೋದಿಂದ. ಅದರ ಮಾಲೀಕರು ಐವತ್ತರ ಆಸುಪಾಸಿನ ಸಾಹೇಬರು. ಅವರ ಇಬ್ಬರು ಹೆಣ್ಣುಮಕ್ಕಳೂ ನನ್ನ ಕೈಕೆಳಗೆ ಕಲಿತವರು. ನಮ್ಮ ಊರಿಗೆ ಮೊದಲು ಡಿಜಿಟಲ್ ಕ್ಯಾಮೆರಾ ತಂದವರು ತಾವೇ ಅಂತ ಅವರಿಗೆ ಬಹಳ ಹೆಮ್ಮೆ. ಗಿರಾಕಿಗಳು ಮಾತ್ರ ಅದನ್ನು ನಂಬಲಿಲ್ಲ. ರೀಲೇ ಇಲ್ಲ ಅಂದರೆ ಮುಖ ಎಲ್ಲಿ ಹೋಗಿ ಕೂರುತ್ತದೆ ಅನ್ನೋದು ಅವರ ಪ್ರಶ್ನೆ.

“ಅಕ್ಕೋರ, ಇದು ನಿಮ್ಮಂಥಾ ಓದಿದವ್ರ ಕೈಯಾಗ ಇರಬೇಕ ನೋಡ್ರಿ,” ಅಂತ ನಾನು ರಿಟೈರ್ ಆದ ವಾರವೇ ಅದನ್ನು ನನಗೆ ದಾಟಿಸಿದರು. “ನನ್ನ ಗಿರಾಕಿಗೆ ರೀಲ ಸುತ್ತೂ ಸಪ್ಪಳಾ ಕೇಳಬೇಕ್ರಿ. ಇಲ್ಲಂದ್ರ ಫೋಟೋ ತಗದಾರ ಅಂತ ನಂಬಂಗೇ ಇಲ್ಲ. ಮದುಮಗಾ ಹಂಗ ನಕ್ಕೋತ ನಿಂತ ಬಿಡ್ತಾನ, ಇನ್ನೂ ಯಾವಾಗ ಹೊಡೀತೀರಿ ಅಂತಾನ.”

ಅವರು ಮತ್ತೆ ರೀಲಿಗೆ ಮರಳಿದರು. ಮೂರು ಮೆಗಾಪಿಕ್ಸೆಲ್‌ನ ಆ ಬೆಳ್ಳಿ ಬಣ್ಣದ ಡಬ್ಬಿ ನನ್ನ ವ್ಯಾನಿಟಿ ಬ್ಯಾಗ್ ಸೇರಿತು. ಸ್ಟುಡಿಯೋದಲ್ಲಿ ಕಂಪ್ಯೂಟರ್ ಇತ್ತು, ಕೀರಲು ದನಿ ಮಾಡಿ ಟೆಲಿಫೋನಿನಿಂದ ಓಡುವ ಇಂಟರ್ನೆಟ್ ಇತ್ತು. ಮತ್ತೇನು ಬೇಕು!

ಏಜೆನ್ಸಿಯ ನಿಯಮ ಇಷ್ಟು. ಮೊದಲಿಗೆ ಮೂರು ಚಿತ್ರ ಒಟ್ಟಿಗೆ ಕಳಿಸಬೇಕು. ಮೂರೂ ಪಾಸಾಗಬೇಕು. ಒಂದು ಫೇಲಾದರೂ ಮೂರೂ ಫೇಲು. ಒಬ್ಬರಿಗೆ ಮೂರೇ ಅವಕಾಶ. ಆಮೇಲೆ ಬಾಗಿಲು ಬಂದ್.

ಮೊದಲನೆಯ ಸಲ ನಾನು ನಿಯಮಗಳನ್ನು ಪೂರ್ತಿ ಓದಲೇ ಇಲ್ಲ. ಪರೀಕ್ಷೆಯ ಹಾಲಿನಲ್ಲಿ “ರೀಡ್ ದಿ ಕ್ವೆಶ್ಚನ್ ಕೇರ್‌ಫುಲಿ” ಅಂತ ಮೂವತ್ತೊಂದು ವರ್ಷ ಕೂಗಿದವಳು! ಕಿತ್ತೂರಿನ ಕೋಟೆಯ ಗೋಡೆ, ಮುನವಳ್ಳಿ ದಾರಿಯಲ್ಲಿ ಕಂಡ ಮಲಪ್ರಭೆಯ ಹಿನ್ನೀರು, ನಮ್ಮ ಹಿತ್ತಿಲಿನ ದಾಸವಾಳ, ಮೂರನ್ನೂ ಕಳಿಸಿದೆ. ನಾಲ್ಕು ದಿನಕ್ಕೆ ಉತ್ತರ ಬಂತು. ಅಳತೆ ಸಾಲದು, ನಲವತ್ತು ಲಕ್ಷ ಪಿಕ್ಸೆಲ್ ಬೇಕು. ಅದರ ಜೊತೆಗೆ ಪ್ರತಿ ಚಿತ್ರದ ಮೂಲೆಯಲ್ಲೂ ಕಿತ್ತಳೆ ಬಣ್ಣದಲ್ಲಿ ತಾರೀಖು ಮೂಡಿದೆ, ಅದು ಇರಕೂಡದು.

ತಾರೀಖು ಇರಲಿ ಅಂತ ಆ ಸೆಟ್ಟಿಂಗ್ ಮಾಡಿದ್ದವರು ಸಾಹೇಬರು. “ಫೋಟೋಕ್ಕ ತಾರೀಖ ಇದ್ರ ಪುರಾವೆ ಇರ್ತೈತ್ರಿ ಅಕ್ಕೋರ,” ಅಂದಿದ್ದರು. ಅದನ್ನು ತೆಗೆಯುವುದು ಸುಲಭವಿತ್ತು. ಅಳತೆಯ ತೊಂದರೆಗೂ ಅವರು ಕಂಪ್ಯೂಟರ್ ಮುಂದೆ ಕುರ್ಚಿ ಎಳೆದುಕೊಂಡು ಉಪಾಯ ಹೇಳಿದರು.

“ಇಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ತೀರಿ? ಇಲ್ಲಿ ಇಮೇಜ್ ಸೈಜ್ ಅಂತೈತಿ. ನಲವತ್ತಲ್ಲ, ಎಂಬತ್ತ ಲಕ್ಷ ಬೇಕಂದ್ರೂ ಮಾಡಿ ಕೊಡ್ತೈತಿ. ಹೊಡೀಲೇನು?”

“ಹೊಡೀರಿ,” ಅಂದೆ.

ಒಂದು ಗುಂಡಿ ಒತ್ತಿದ್ದೇ ತಡ, ಚಿತ್ರ ಉಬ್ಬಿತು. ನಮ್ಮಿಬ್ಬರಿಗೂ ಜಗತ್ತನ್ನೇ ಮೋಸ ಮಾಡಿದಷ್ಟು ಸಂತೋಷ. ಹೊಸ ಮೂರು ಫೋಟೋ ಹಾಗೆ ಹಿಗ್ಗಿಸಿ ಕಳಿಸಿದೆವು. ಈ ಸಲ ಉತ್ತರ ಎರಡೇ ದಿನಕ್ಕೆ ಬಂತು. ಚಿತ್ರಗಳನ್ನು ಹಿಗ್ಗಿಸಲಾಗಿದೆ, ಅಂಚುಗಳು ಮಸುಕು, ಕ್ಯಾಮೆರಾ ಕಾಣದ ಚುಕ್ಕೆಗಳನ್ನು ಕಂಪ್ಯೂಟರ್ ಊಹಿಸಿ ತುಂಬಿದೆ, ಇಂಥದನ್ನು ಸ್ವೀಕರಿಸುವುದಿಲ್ಲ. ಉಳಿದಿರುವುದು ಒಂದೇ ಅವಕಾಶ.

ಓದಿದಾಗ ನನ್ನ ಕಿವಿ ಬಿಸಿಯಾದವು. ನಕಲು ಹೊಡೆದು ಸಿಕ್ಕಿಬಿದ್ದ ಹುಡುಗಿಯರ ಕಿವಿ ಹೀಗೇ ಆಗುತ್ತಿದ್ದವು ಅನ್ನೋದು ಆಗ ಗೊತ್ತಾಯಿತು. ಸಾಹೇಬರು ಗಲ್ಲ ಕೆರೆದುಕೊಂಡರು. “ಭಾಳ ಹುಷಾರ ಮಂದಿ ಅದಾರ್ರಿ ಅಕ್ಕೋರ,” ಅಂತಷ್ಟೇ ಅಂದರು.

ಕ್ಯಾಲೆಂಡರಿನ ಹಿಂದೆ ಗುಣಾಕಾರ ಮಾಡಿದ್ದು ಅದರ ಮರುದಿನ. ನಲವತ್ತು ಲಕ್ಷದಲ್ಲಿ ಕಳೆದರೆ ಎಂಟೂವರೆ ಲಕ್ಷಕ್ಕೂ ಮೇಲೆ ಕೊರತೆ. ಅಷ್ಟು ಚುಕ್ಕೆ ಎಲ್ಲಿಂದ ತರಲಿ? ನನ್ನೆದುರು ಪಡಸಾಲೆಯ ಉದ್ದಕ್ಕೂ ಹಳೆಯ ಬಟ್ಟೆ ಹರಡಿಕೊಂಡು ನೆಗೆಣ್ಣಿ ಕೌದಿಗೆ ತುಂಡು ಜೋಡಿಸುತ್ತಿದ್ದರು. ಅವರು ನನ್ನನ್ನು ಕರೆಯುವುದೇ ಕಾನ್ವೆಂಟ್ ಬಾಯಿ ಅಂತ. ಸಿಟ್ಟಿಗೂ ಅದೇ, ಪ್ರೀತಿಗೂ ಅದೇ.

“ಏನವಾ ಕಾನ್ವೆಂಟ್ ಬಾಯಿ, ಕ್ಯಾಲೆಂಡರ ಹರದ ಕುಂತೀ. ಅಮಾಸಿ ಯಾವತ್ತ ಅಂತ ನಾ ಇನ್ನ ನಿನ್ನ ಮಾರಿ ನೋಡಿ ಹೇಳ್ಬೇಕೇನ?”

“ಹೋದ ವರ್ಷದ್ದರಿ ಅಕ್ಕಾ ಇದು. ನನ್ನ ಫೋಟೋ ಸಣ್ಣವು ಆಗಾಕತ್ತಾವ. ಹಿಗ್ಗಿಸಿ ಕಳಸಿದ್ರ ಒಲ್ಲೆ ಅಂತಾರ.”

“ಕೌದಿಗೆ ಅರಿವಿ ಸಾಲಲಿಲ್ಲಂದ್ರ ಯಾರರೆ ಜಗ್ಗಿ ದೊಡ್ಡದು ಮಾಡ್ತಾರೇನ? ಪಿಸದ ಹರದ ಹೋಗ್ತೈತಿ. ಇನ್ನೊಂದ ತುಂಡ ಹಚ್ಚತಾರ.”

ನಾನು ಪೆನ್ಸಿಲ್ ಕೆಳಗಿಟ್ಟು ಅವರನ್ನೇ ನೋಡಿದೆ.

“ಏನ ಹಂಗ ನೋಡಾಕತ್ತಿ? ನಾ ಏನ ಇಂಗ್ಲಿಷ್ ಮಾತಾಡಿದ್ನೇನ?”

ಇನ್ನೊಂದು ತುಂಡು! ಒಂದೇ ನೋಟವನ್ನು ಎರಡು ಫೋಟೋದಲ್ಲಿ ಅರ್ಧರ್ಧ ತೆಗೆದು ಪಕ್ಕಪಕ್ಕ ಕೂಡಿಸಿದರೆ? ಚುಕ್ಕೆಗಳೆಲ್ಲ ಕ್ಯಾಮೆರಾ ಕಂಡವೇ ಆಗುತ್ತವೆ, ಒಂದನ್ನೂ ಊಹಿಸಿದಂತೆ ಆಗುವುದಿಲ್ಲ. ಚಪ್ಪಲಿ ಮೆಟ್ಟಿ ಸ್ಟುಡಿಯೋಕ್ಕೆ ನಡೆದೇಬಿಟ್ಟೆ. ಈ ಸಲ ನಿಯಮಗಳನ್ನು ಮೊದಲಿನಿಂದ ಕೊನೆಯವರೆಗೆ, ಬೆರಳಿಟ್ಟುಕೊಂಡು ಓದಿದೆ. ಹಿಗ್ಗಿಸಿದ್ದು ಸಲ್ಲದು, ಆದರೆ ಹಲವು ಚಿತ್ರ ಸೇರಿಸಿ ಮಾಡಿದ ಒಂದು ಚಿತ್ರ ಸಲ್ಲುತ್ತದೆ ಅಂತ ಅಲ್ಲೇ ಬರೆದಿತ್ತು.

“ಯಾ ಅಲ್ಲಾ, ಅಕ್ಕೋರ, ಇದು ನನಗ ಯಾಕ ಹೊಳೀಲಿಲ್ಲ?” ಅಂತ ಸಾಹೇಬರು ಹಣೆ ಬಡಿದುಕೊಂಡರು. “ಮುರಗೋಡದ ಮದುಮಗನ್ನ ಫೋಟೋದಾಗ ತಾಜಮಹಲ ಮುಂದ ನಿಲ್ಲಿಸಿದಾಂವ್ರಿ ನಾನು. ಎರಡ ತುಂಡ ಕೂಡಸಾಕ ಬರಂಗಿಲ್ಲೇನ?”

ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿ ಎಡಕ್ಕೊಂದು, ಬಲಕ್ಕೊಂದು ತೆಗೆಯಬೇಕು. ಒಂದರ ಮೂರನೇ ಒಂದು ಪಾಲು ಇನ್ನೊಂದರಲ್ಲೂ ಬಂದಿರಬೇಕು. ಹಾಗೆ ಕೂಡಿಸಿ ಅಂಚು ಕತ್ತರಿಸಿದರೆ ಐವತ್ತು ಲಕ್ಷದ ಆಸುಪಾಸು ಆಗುತ್ತದೆ ಅಂತ ಲೆಕ್ಕ ಹಾಕಿದರು. ಮನೆಗೆ ಬಂದು ಹೇಳಿದರೆ ನೆಗೆಣ್ಣಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.

“ಮತ್ತ! ಎರಡ ಬೆರಳಷ್ಟರೆ ಒಂದರ ಮ್ಯಾಲೊಂದ ಕುಂದರಬೇಕ, ಇಲ್ಲಂದ್ರ ಹೊಲಿಗಿ ನಿಂದ್ರಂಗಿಲ್ಲ. ಇನ್ನೊಂದು ಕೇಳ. ಒಂದ ಸೀರಿದ ಎರಡ ತುಂಡ ತಗೋ. ಬಿಸಲಿಗೆ ಮಾಸಿದ್ದೊಂದು, ಪೆಟಿಗ್ಯಾಗಿಂದೊಂದು ಹಚ್ಚಿದ್ರ ಕುರುಡಗೂ ಕಾಣತೈತಿ.”

ಇದು ಎಷ್ಟು ಖರೆ ಅನ್ನೋದು ಕ್ಯಾಮೆರಾ ಹಿಡಿದಾಗ ತಿಳಿಯಿತು. ಒಂದು ಫೋಟೋ ತೆಗೆದು ಇನ್ನೊಂದು ತೆಗೆಯುವಷ್ಟರಲ್ಲಿ ಮೋಡ ಸರಿದರೆ ಒಂದು ಅರ್ಧ ಬೆಳಕು, ಒಂದು ಅರ್ಧ ಕಪ್ಪು. ಕೈ ಅಲುಗದಿರಲಿ ಅಂತ ನೆಗೆಣ್ಣಿಯೇ ಒಂದು ಸಣ್ಣ ಚೀಲ ಹೊಲಿದು, ಒಳಗೆ ಜೋಳ ತುಂಬಿ ಬಾಯಿ ಮುಚ್ಚಿ ಕೊಟ್ಟರು. ಅದನ್ನು ಗೋಡೆಯ ಮೇಲೋ ಕಟ್ಟೆಯ ಮೇಲೋ ಇಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿದರೆ ತೊಟ್ಟಿಲಲ್ಲಿ ಮಗು ಮಲಗಿದ ಹಾಗೆ ಗಟ್ಟಿಯಾಗಿ ಕೂರುತ್ತಿತ್ತು.

ಅಭ್ಯಾಸಕ್ಕೆ ಅಂತ ನಾನೂ ನೆಗೆಣ್ಣಿಯೂ ನಮ್ಮ ಊರಿನ ಮಾರ್ಕೆಟ್ ಯಾರ್ಡಿಗೆ ಹೋದೆವು. ಶೇಂಗಾದ ದೊಡ್ಡ ರಾಶಿ, ಅದರ ಎಡಬದಿಗೆ ಒಬ್ಬ ಹಿರಿಯರು ತಲೆಗೆ ಬಿಳಿ ಪಟಗ ಸುತ್ತಿಕೊಂಡು, ಕಪ್ಪಿನಿಂದ ಬಸಿಗೆ ಸುರಿದು ಚಹಾ ಕುಡಿಯುತ್ತ ಕುಳಿತಿದ್ದರು. ಎಡಗಡೆಯದನ್ನು ತೆಗೆದೆ. ಬಲಕ್ಕೆ ತಿರುಗಿಸಿ ಇನ್ನೊಂದು ತೆಗೆದೆ. ಪರ್ಫೆಕ್ಟ್ ಅಂದುಕೊಂಡು ಸ್ಟುಡಿಯೋದಲ್ಲಿ ಕೂಡಿಸಿ ನೋಡಿದರೆ ರಾಶಿಯ ಈ ಕಡೆಗೊಬ್ಬರು, ಆ ಕಡೆಗೊಬ್ಬರು, ಒಂದೇ ಪಟಗ, ಒಂದೇ ಮೀಸೆ, ಒಂದೇ ಬಸಿ.

“ಇವ್ರು ಅವಳಿ ಜವಳಿ ಏನ?” ಅಂತ ನೆಗೆಣ್ಣಿ ಕೇಳಿದರು.

ಮರುದಿನ ಯಾರ್ಡಿನಲ್ಲಿ ಆ ಪಟಗದವರನ್ನೇ ಹುಡುಕಿ ವಿಚಾರಿಸಿದೆ. ಹಿರಿಯರು ನೊಂದುಕೊಂಡಿದ್ದರು. “ಮತ್ತ ಏನ ಮಾಡ್ಲಿರಿ ಬಾಯಾರ? ನೀವು ನನ್ನ ಬಿಟ್ಟ ಅತ್ಲಾಗ ತಿರುವಿದ್ರಿ. ಪಾಪ, ವಯಸ್ಸಾದ ಹೆಣಮಗಳು, ಗುರಿ ತಪ್ಪಿರಬೇಕು ಅಂತ ನಾನ ಎದ್ದ ಬಂದು ಅಲ್ಲಿ ಕುಂತೆ.”

ನಮ್ಮ ಕಡೆ ಇದೊಂದು ರೀತಿ. ಯಾರಾದರೂ ಕ್ಯಾಮೆರಾ ಹಿಡಿದರೆ ಅದರ ಮುಂದೆ ಬಂದು ನಿಲ್ಲುವುದು ಮರ್ಯಾದೆ. ಸರಿದು ಹೋದರೆ ಅವಮಾನ ಮಾಡಿದಂತೆ. ಆದ್ದರಿಂದ ಕೊನೆಯ ಅವಕಾಶಕ್ಕೆ ಮನುಷ್ಯರೇ ಬೇಡ, ಕುಳಿತಲ್ಲಿಂದ ಏಳದ ವಸ್ತುಗಳನ್ನೇ ಹುಡುಕೋಣ ಅಂತ ತೀರ್ಮಾನವಾಯಿತು. ನೆಗೆಣ್ಣಿ ಬುತ್ತಿ ಕಟ್ಟಿದರು. ನಾನು ಜೋಳದ ಚೀಲ ಹಿಡಿದೆ.

ಮೊದಲು ಸವದತ್ತಿ. ಗುಡ್ಡದ ಮೇಲಿನ ಅಂಗಡಿಗಳಲ್ಲಿ ಭಂಡಾರದ ರಾಶಿ, ಅಂದರೆ ದೇವಿಗೆ ಏರಿಸುವ ಅರಿಶಿನ ಪುಡಿ, ಗೋಪುರದ ಹಾಗೆ ಏರಿಸಿಟ್ಟಿರುತ್ತಾರೆ. ಅದೇನು ಎದ್ದು ಹೋಗುವುದಿಲ್ಲವಲ್ಲ! ಎಡಭಾಗ ತೆಗೆದೆ. ಚೀಲ ಸರಿಸಿ ಬಲಭಾಗಕ್ಕೆ ಕಣ್ಣಿಡುವಷ್ಟರಲ್ಲಿ ಅಂಗಡಿಯಾಕೆ ಮುಂದೆ ಬಾಗಿ, ರಾಶಿಯನ್ನು ಅಂಗೈಯಿಂದ ನೇವರಿಸಿ ಚೂಪು ಮಾಡಿ, ನೆತ್ತಿಯ ಮೇಲೆ ಒಂದು ಚಿಟಿಕೆ ಕುಂಕುಮ ಇಟ್ಟಾಗಿತ್ತು.

“ಅಯ್ಯ, ಯಾಕ ಮಾಡಿದ್ರಿ?” ಅಂದೆ.

“ಬರೇ ಹಣಿಲೆ ಫೋಟೋ ತಗಸಬಾರದ್ರಿ ಬಾಯಾರ. ಎಲ್ಲಿಗರೆ ಕಳಸಾವ್ರು ಅದೀರಿ, ನೀಟ ಇರ್ಲಿ.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕುಂಕುಮ ಇಟ್ಟ ಮೇಲೆ ಅದು ನಿಜಕ್ಕೂ ಚೆಂದ ಕಾಣುತ್ತಿತ್ತು. ಮತ್ತೆ ಮೊದಲಿನಿಂದ ತೆಗೆದೆ. ಅಷ್ಟು ಹೊತ್ತೂ ನೆಗೆಣ್ಣಿ ಆಕೆಯ ಎರಡೂ ಕೈ ಹಿಡಿದುಕೊಂಡು, ತವರು ಯಾವುದು, ಮಕ್ಕಳೆಷ್ಟು ಅಂತ ಕೇಳುತ್ತ ನಿಂತರು. ಕೈ ಬಿಟ್ಟರೆ ಮತ್ತೆ ರಾಶಿ ನೇವರಿಸಿಯಾಳು ಅನ್ನೋ ಭಯ.

ಎರಡನೆಯದಕ್ಕೆ ರಾಮದುರ್ಗ. ನೇಕಾರರೊಬ್ಬರ ಮನೆಯ ಮಗ್ಗದ ಮೇಲೆ ಅರ್ಧ ನೇಯ್ದ ಚೌಕಡಿ ಸೀರೆ ಇತ್ತು. ನೇಕಾರರು ಮಗ್ಗ ನಿಲ್ಲಿಸಿ ಕೈಕಟ್ಟಿ ದೂರ ಸರಿದರು. ಮನೆಯ ಬೆಕ್ಕನ್ನೂ ಹೊರಗೆ ಕಳಿಸಿದರು. ಫೋಟೋ ತೆಗೆಯುವುದು ಇಲ್ಲಿ ಸುಲಭವಾಯಿತು, ಕೂಡಿಸುವುದು ಕಷ್ಟವಾಯಿತು. ಚೌಕಡಿಯ ಒಂದು ಗೆರೆ ಕೂದಲಷ್ಟು ತಪ್ಪಿದರೂ ಸೀರೆ ಹರಿದಂತೆ ಕಾಣುತ್ತಿತ್ತು. ಸಾಹೇಬರು ಎರಡು ದಿನ ಕನ್ನಡಕ ಏರಿಸಿ ಇಳಿಸಿ ಕೂಡಿಸಿದರು. “ನೇಯ್ದಾಂವಗ ಇಷ್ಟ ತ್ರಾಸ ಆಗಿರಾಕಿಲ್ರಿ,” ಅಂದರು.

ಮೂರನೆಯದು ಕಿತ್ತೂರಿನ ಹತ್ತಿರದ ದೇಗಾಂವದ ಕಮಲನಾರಾಯಣ ಗುಡಿ. ಕಲ್ಲಿನಷ್ಟು ವಿಧೇಯರು ಯಾರೂ ಇಲ್ಲ. ಕಂಬಗಳ ಸಾಲಿನ ಎದುರು ಕಟ್ಟೆಯ ಮೇಲೆ ಜೋಳದ ಚೀಲ ಇಟ್ಟು, ತೆಳು ಮೋಡ ಮುಚ್ಚಿದ ಹೊತ್ತು ನೋಡಿ, ಎಡಕ್ಕೊಂದು ಬಲಕ್ಕೊಂದು ತೆಗೆದೆ. ನೆಗೆಣ್ಣಿ ನೆರಳಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಂಡು ಗುಡಿಯನ್ನೇ ನೋಡುತ್ತಿದ್ದರು. ಹಳೆಯ ಕಲ್ಲು, ತಂಪು ಗಾಳಿ, ಇಬ್ಬರು ಮುದುಕಿಯರು. ಆ ಮಧ್ಯಾಹ್ನದಷ್ಟು ಹಗುರವಾಗಿ ನಾನು ಬದುಕಿನಲ್ಲಿ ಬೇರೆ ಯಾವಾಗ ಇದ್ದೆ, ನೆನಪಾಗುವುದಿಲ್ಲ.

ಮೂರನ್ನೂ ಕಳಿಸಿದೆವು. ಒಂದೊಂದು ಚಿತ್ರ ಹೋಗಲು ಸ್ಟುಡಿಯೋದ ಟೆಲಿಫೋನ್ ಗಂಟೆಗಟ್ಟಲೆ ಹಿಡಿಯಿತು. ನಡುವೆ ಎರಡು ಸಲ ಲೈನು ಕಡಿಯಿತು. ಆಮೇಲೆ ದಿನಾ ಕಾಯಿಪಲ್ಲೆಗೆ ಹೋಗುವ ನೆಪದಲ್ಲಿ ಸ್ಟುಡಿಯೋದ ಮುಂದೆ ಹಾಯುತ್ತಿದ್ದೆ. ಸಾಹೇಬರು ಒಳಗಿನಿಂದಲೇ ತಲೆ ಅಲ್ಲಾಡಿಸುತ್ತಿದ್ದರು.

ಆರನೆಯ ದಿನ ತಲೆ ಅಲ್ಲಾಡಲಿಲ್ಲ. ಅವರೇ ಎದ್ದು ರಸ್ತೆಗೆ ಬಂದರು. “ಅಕ್ಕೋರ, ಬರ್ರಿ, ನೀವ ಓದ್ರಿ, ನನ್ನ ಇಂಗ್ಲಿಷ್ ಮ್ಯಾಲ ನನಗ ಭರೋಸಾ ಇಲ್ಲ.”

ಓದಿದೆ. ಮೂರೂ ಪಾಸು. ನಿಮಗೆ ಸ್ವಾಗತ ಅಂತ ಬರೆದಿದ್ದರು. ಕೆಳಗೆ ಮೂರು ಪುಟ್ಟ ಚಿತ್ರ, ಮೂರರ ಕೆಳಗೂ ನನ್ನ ಹೆಸರು, ಸ್ಪೆಲ್ಲಿಂಗ್ ಸಹಿತ ಸರಿಯಾಗಿ. ನಾನು ಸ್ಟುಡಿಯೋದ ಸ್ಟೂಲಿನ ಮೇಲೆ, ಪಾಸ್‌ಪೋರ್ಟ್ ಫೋಟೋಕ್ಕೆ ಜನ ಕೂರುವ ಜಾಗದಲ್ಲಿ, ಕುಳಿತುಬಿಟ್ಟೆ. ಸಾಹೇಬರು ಎದುರಿನ ಅಂಗಡಿಯಿಂದ ಮಿರ್ಚಿ ಭಜಿ ತರಿಸಿದರು. ದೇಗಾಂವದ ಚಿತ್ರವನ್ನು ತಮ್ಮ ಖುಷಿಗೆ ದೊಡ್ಡದಾಗಿ ಪ್ರಿಂಟ್ ಮಾಡಿಸಿ, ಮೂರನೆಯ ದಿನ ಮನೆಗೇ ತಂದು ಕೊಟ್ಟರು.

ನೆಗೆಣ್ಣಿ ಅದನ್ನು ನೆಲದ ಮೇಲೆ ಹಾಸಿ, ಕೌದಿ ನೋಡುವ ಹಾಗೆ ನೋಡಿದರು. ತೋರುಬೆರಳು ಎಡದಿಂದ ಬಲಕ್ಕೆ ನಿಧಾನವಾಗಿ ಸಾಗಿತು. ಮತ್ತೆ ಬಲದಿಂದ ಎಡಕ್ಕೆ ಬಂತು.

“ಕಾನ್ವೆಂಟ್ ಬಾಯಿ, ಇಲ್ಲಿ ಎಂಟ ಅದಾವ.”

“ಏನ್ರಿ ಎಂಟು?”

“ಕಂಬ. ಅಲ್ಲಿ ಏಳ ಇದ್ವು. ಕುಂತ ಕುಂತ ಬ್ಯಾಸರಾಗಿ ನಾಕ ಸಲ ಎಣಿಸೇನಿ ನಾ.”

ಸಾಹೇಬರು ಬಗ್ಗಿ ನೋಡಿದರು, ನಾನೂ ನೋಡಿದೆ. ಎಡದ ಚಿತ್ರದಲ್ಲಿದ್ದ ಗುಡಿಯ ಐದನೆಯ ಕಂಬದ ಮೇಲೆ, ಬಲದ ಚಿತ್ರದಲ್ಲೂ ಬಂದಿದ್ದ ನಾಲ್ಕನೆಯ ಕಂಬವನ್ನು ಸಾಹೇಬರು ಕೂರಿಸಿಬಿಟ್ಟಿದ್ದರು. ಎಲ್ಲ ಕಂಬವೂ ಒಂದೇ ರೀತಿ ಕಾಣುವಾಗ ಹೊಲಿಗೆ ಎಲ್ಲಿ ಬಿದ್ದರೂ ಗೊತ್ತಾಗುವುದಿಲ್ಲ. ಸಾಹೇಬರು ಕೂಡಿಸಿದ್ದು, ನಾನು ನೋಡಿ ಹೂಂ ಅಂದದ್ದು, ಏಜೆನ್ಸಿಯವರು ಭೂತಗನ್ನಡಿ ಹಿಡಿದು ಪರೀಕ್ಷಿಸಿದ್ದು. ನಮಗೆ ಯಾರಿಗೂ ಕಾಣದ ಕಂಬ ನಾಲ್ಕನೇ ಇಯತ್ತೆಯವರಿಗೆ ಕಂಡಿತ್ತು.

“ಹೋಗ್ಲಿ ಬಿಡ್ರಿ ಅಕ್ಕೋರ,” ಅಂತ ಸಾಹೇಬರು ದನಿ ತಗ್ಗಿಸಿದರು. “ಅಷ್ಟ ದೂರ ಕುಂತವ್ರು ಕಂಬಾ ಎಣಸಾಕ ದೇಗಾಂವಿಗೆ ಬರ್ತಾರೇನ? ಒಂದ ಕಂಬ ಹೆಚ್ಚಾದ್ರ ಗುಡಿ ಇನ್ನೂ ಗಟ್ಟೇ ಆತು.”

ನಕ್ಕೆವು. ಆದರೆ ನನ್ನ ನಗು ಬೇಗ ಮುಗಿಯಿತು. ಹೇಳಿದರೆ ಏನಾಗುತ್ತದೆ ಅನ್ನೋದು ನನಗೆ ಗೊತ್ತಿತ್ತು. ಮೂರರಲ್ಲಿ ಒಂದು ತಪ್ಪಾದರೆ ಮೂರೂ ತಪ್ಪು. ಇದು ಕೊನೆಯ ಅವಕಾಶ. ಬಾಗಿಲು ಬಂದ್, ಹೆಸರು ಅಳಿಸಿ ಹೋಗುತ್ತದೆ. ಹೇಳದಿದ್ದರೆ ಯಾವುದೋ ದೇಶದ ಮಕ್ಕಳ ಪುಸ್ತಕದಲ್ಲಿ, ನನ್ನ ಹೆಸರಿನ ಮೇಲೆ, ಇಲ್ಲದ ಕಂಬವೊಂದು ನಿಂತಿರುತ್ತದೆ. ಎರಡು ದಿನ ಆ ಪ್ರಿಂಟನ್ನು ಸುತ್ತಿ ಕಪಾಟಿನ ಮೇಲಿಟ್ಟೆ. ಅಲ್ಲಿಂದಲೂ ಅದು ನನ್ನನ್ನು ನೋಡುತ್ತಿತ್ತು.

“ಏನ ಮಾಡ್ಲಿರಿ ಅಕ್ಕಾ?” ಅಂತ ಕಡೆಗೆ ಕೇಳಿದೆ.

ಅವರು ಸೂಜಿಯಿಂದ ಕಣ್ಣು ತೆಗೆಯಲಿಲ್ಲ. “ನಾ ಏನ ಹೇಳ್ಲಿ? ನನ್ನ ಕೌದ್ಯಾಗ ತಪ್ಪ ಹೊಲಿಗಿ ಬಿದ್ರ ನಾ ಬಿಚ್ಚತೇನಿ. ಬ್ಯಾರೆದವ್ರಿಗೆ ಕಾಣಂಗಿಲ್ಲ, ಖರೆ. ಹೊಚಗೊಂಡಾಗೆಲ್ಲಾ ನನ್ನ ಕೈ ಅಲ್ಲೇ ಹೋಗ್ತೈತಿ.” ದಾರ ಕಚ್ಚಿ ಕಡಿದು, “ಆದ್ರ ಇದು ನಿಂದು, ನೀ ಎಷ್ಟ ಆಸೆ ಇಟ್ಟೀ ಅನ್ನೂದು ನನಗೂ ಕಾಣತೈತಿ,” ಅಂದರು. ಅವರ ಬಾಯಲ್ಲಿ ಆ ಮಾತು ಬರುವುದು ಅಪರೂಪ.

ಮರುದಿನ ಸ್ಟುಡಿಯೋಕ್ಕೆ ಹೋಗಿ ಪತ್ರ ಟೈಪ್ ಮಾಡಿದೆ. ಕಾನ್ವೆಂಟಿನಲ್ಲಿ ಕಲಿತ ಅತ್ಯುತ್ತಮ ಇಂಗ್ಲಿಷಿನಲ್ಲಿ, ಕಾಮಾ ಫುಲ್‌ಸ್ಟಾಪ್ ಒಂದೂ ತಪ್ಪದಂತೆ, ಗುಡಿಯ ಚಿತ್ರದಲ್ಲಿ ಒಂದು ಕಂಬ ಹೆಚ್ಚಾಗಿದೆ, ಇರುವುದು ಏಳೇ, ತಪ್ಪು ನನ್ನದು, ಎಣಿಸದೆ ಕಳಿಸಿದೆ ಅಂತ ಬರೆದೆ. ಸಾಹೇಬರು “ತಪ್ಪ ನಂದ್ರಿ, ನನ್ನ ಹೆಸರ ಹಾಕ್ರಿ,” ಅಂತ ಪಕ್ಕದಲ್ಲಿ ನಿಂತು ಮೂರು ಸಲ ಹೇಳಿದರು. ಹಾಕಲಿಲ್ಲ. ಗುಂಡಿ ಒತ್ತುವಾಗ ಮಾತ್ರ ಕಣ್ಣು ಮುಚ್ಚಿಕೊಂಡೆ.

ಹತ್ತು ದಿನ ಉತ್ತರವಿಲ್ಲ. ಸ್ಟುಡಿಯೋದ ಮುಂದೆ ಹಾಯುವುದನ್ನೇ ಬಿಟ್ಟೆ. ಕಾಯಿಪಲ್ಲೆಗೆ ಸುತ್ತು ಹಾಕಿ ಹಿಂದಿನ ಓಣಿಯಿಂದ ಹೋಗುತ್ತಿದ್ದೆ. ಹನ್ನೊಂದನೆಯ ದಿನ ಸಾಹೇಬರೇ ಆ ಓಣಿಗೆ ಸೈಕಲ್ ಮೇಲೆ ಬಂದು, ಬದನೆಕಾಯಿ ಆರಿಸುತ್ತಿದ್ದ ನನ್ನ ಕೈಗೆ ಪ್ರಿಂಟ್ ಮಾಡಿದ ಒಂದು ಹಾಳೆ ಕೊಟ್ಟರು. ನಾಲ್ಕೇ ಸಾಲು. ತಿಳಿಸಿದ್ದಕ್ಕೆ ಧನ್ಯವಾದ, ಇಂಥ ಪತ್ರ ನಮಗೆ ಸಾಮಾನ್ಯವಾಗಿ ಬರುವುದಿಲ್ಲ. ಗುಡಿಯ ಚಿತ್ರವನ್ನು ತೆಗೆದಿದ್ದೇವೆ. ಉಳಿದೆರಡು ಚಿತ್ರ ಮತ್ತು ನಿಮ್ಮ ಹೆಸರು ಇದ್ದಲ್ಲೇ ಇರುತ್ತವೆ. ಸರಿಪಡಿಸಿದ ಚಿತ್ರ ಬೇಕಾದಾಗ ಕಳಿಸಿ, ಆದರೆ ಮುಂದಿನ ತಿಂಗಳಿನಿಂದ ಕನಿಷ್ಠ ಅಳತೆ ಅರವತ್ತು ಲಕ್ಷ ಪಿಕ್ಸೆಲ್ ಆಗಲಿದೆ.

ಬದನೆಕಾಯಿಯವಳ ಮುಂದೆಯೇ ಅತ್ತೆ, ನಕ್ಕೆ, ಎರಡೂ ಒಟ್ಟಿಗೆ. ಆಕೆ ಗಾಬರಿಯಾಗಿ ಎರಡು ಕಾಯಿ ಹೆಚ್ಚು ಹಾಕಿದಳು. ಮನೆಗೆ ಬಂದು ಓದಿ ಹೇಳಿದಾಗ ನೆಗೆಣ್ಣಿಗೆ ಅರವತ್ತು ಲಕ್ಷದ ಚಿಂತೆ ಹತ್ತಲಿಲ್ಲ.

“ಅವ್ರು ದೊಡ್ಡ ಕೌದಿ ಕೇಳಾಕತ್ತಾರ. ಎರಡರ ಬದ್ಲಿ ಮೂರ ತುಂಡ ಹಚ್ಚು. ನಾಳಿ ಬುತ್ತಿಗೆ ಏನ ಮಾಡ್ಲಿ ಅದನ್ನ ಹೇಳ.”

ಮರುದಿನ ಬೆಳಿಗ್ಗೆ ಕಿತ್ತೂರಿನ ಬಸ್ ಹತ್ತಿದೆವು. ಅಂಗಡಿಗೆ ಬೀಗ ಹಾಕಿ ಸಾಹೇಬರೂ ಬಂದರು. ಕಂಬಗಳನ್ನು ತಾವೂ ಕಣ್ಣಾರೆ ನೋಡಬೇಕಂತೆ. ದೇಗಾಂವದಲ್ಲಿ ಈ ಸಲ ಇನ್ನೂ ಸ್ವಲ್ಪ ಹತ್ತಿರ ಚೀಲ ಇಟ್ಟು, ಎಡ, ನಡು, ಬಲ ಅಂತ ಮೂರು ಪಾಲು ಮಾಡಿಕೊಂಡೆ. ಪ್ರತಿ ಪಾಲಿನಲ್ಲಿ ಯಾವ ಯಾವ ಕಂಬ ಅಂತ ಸಾಹೇಬರು ಒಂದು ಚೀಟಿಯಲ್ಲಿ ಬರೆದುಕೊಂಡರು. ನೆಗೆಣ್ಣಿ ಸೆರಗು ಸಿಕ್ಕಿಸಿ, ಕೈ ಮಾಡಿ ಮಾಡಿ, ಇಡೀ ಗುಡಿಗೆ ಕೇಳುವಂತೆ ಎಣಿಸತೊಡಗಿದರು. ಗದ್ದಲಕ್ಕೆ ಪೂಜಾರಿಯೊಬ್ಬರು ಹೊರಗೆ ಬಂದು ಏನು ನಡೆದಿದೆ ಅಂತ ಕೇಳಿದರು.

“ಕಂಬ ಎಣಸಾಕತ್ತೇವ್ರಿ. ನೀವೂ ಎಣಸ್ರಿ,” ಅಂದರು ನೆಗೆಣ್ಣಿ. “ಒಂದ ಹೆಚ್ಚುಕಡಿಮಿ ಆದ್ರ ಈ ಬಾಯಿ ವಿಲಾಯತಿಗೆ ಪತ್ರಾ ಬರೀತಾಳ.”

ಪೂಜಾರಿಯವರೂ ಎಣಿಸಿದರು. ಏಳು ಅಂತ ನಾಲ್ವರೂ ಒಪ್ಪಿದ ಮೇಲೆ ನಾನು ಗುಂಡಿ ಒತ್ತಿದೆ.